ರಾಜ್ಯ ಬಿಟ್ಟಿತು, ಬೀದಿ ಬಿಡಲಿಲ್ಲ



ಅಂಗುಲಿಮಾಲ ಕತ್ತಿ ಬಿಸುಟ ಕೂಡಲೇ ನಾವು ಕಥೆ ಮುಗಿಸಿಬಿಡುತ್ತೇವೆ. ಮಜ್ಝಿಮ ನಿಕಾಯದ ಸುತ್ತ ಮುಂದಕ್ಕೂ ಹೋಗುತ್ತದೆ. ಅವನನ್ನು ಹಿಡಿಯಲು ಹೊರಟ ಪಸೇನದಿ ರಾಜ, ಚೀವರ ತೊಟ್ಟವನನ್ನು ಕಂಡು ಗೌರವಿಸಿ ಹಿಂದಿರುಗುತ್ತಾನೆ. ಬೀದಿ ಮಾತ್ರ ಬಿಡಲಿಲ್ಲ. ಭಿಕ್ಷೆಗೆ ಹೋದವನು ಯಾರೋ ಎಸೆದ ಹೆಂಟೆ, ಕೋಲು ತಗುಲಿ ತಲೆ ಒಡೆದುಕೊಂಡು ಬರುತ್ತಾನೆ. ಸಹಿಸಿಕೋ ಎನ್ನುತ್ತಾರೆ ಭಗವಾನರು.

ಈ ಮಾತನ್ನೇ ಹಿಡಿದು 'ಮಾಡಿದ್ದುಣ್ಣೋ ಮಹರಾಯ' ಎನ್ನುವವರು ನಮ್ಮಲ್ಲೂ ಇದ್ದಾರೆ. ಅದು ಗುರು ಶಿಷ್ಯನಿಗೆ ಹೇಳಿದ ಮಾತು. ಹೆಂಟೆ ಎಸೆದವರಿಗೆ ಕೊಟ್ಟ ಪರವಾನಗಿ ಎಂದು ಓದಿದರೆ ಸುತ್ತವೇ ತಲೆಕೆಳಗಾಗುತ್ತದೆ.

ವೀಕ್ಷಣಾಲಯದಿಂದ ಮರಳುವ ಹುಡುಗರ ಪಾಡೂ ಇದೇ. 2015ರ ಬಾಲ ನ್ಯಾಯ ಕಾಯ್ದೆ ಮಗುವಿಗೆ ಹೊಸ ಆರಂಭ ಸಿಗಬೇಕೆನ್ನುತ್ತದೆ. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕೂ ಪೊಲೀಸರು ಹಳೆಯ ದಾಖಲೆ ಹೊರಗೆಡಹುವಂತಿಲ್ಲ, ಅದು 74ನೇ ಕಲಂ. ಕೇರಿಯ ಬಾಯಿಗೆ ಯಾವ ಕಲಂ ಇದೆ?

ನನಗೆ ಗೊತ್ತಿರುವ ಹುಡುಗನೊಬ್ಬ (ಹೆಸರು, ಊರು ಬೇಡ) ಬೈಕ್ ಕಳವಿನಲ್ಲಿ ಸಿಕ್ಕಿ, ಕೆಲವು ತಿಂಗಳ ನಂತರ ಮನೆಗೆ ಬಂದ. ಬೈಕ್ ಕಳೆದುಕೊಂಡವರೂ ಅದೇ ಕೇರಿಯವರು, ಗಾರೆ ಕೆಲಸದ ಕೂಲಿಯಲ್ಲಿ ಕಂತು ಕಟ್ಟುತ್ತಿದ್ದವರು. ಅವರ ಸಿಟ್ಟಿಗೆ ಕರುಣೆಯ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರ ನಷ್ಟ ಮರೆತು ಹುಡುಗನನ್ನಷ್ಟೇ ಅಪ್ಪಿಕೊಂಡರೆ ಅದು ಎಂಥ ಮೈತ್ರಿ? ಆದರೆ ಉಳಿದವರದೇನೂ ಕಳುವಾಗಿರಲಿಲ್ಲ. ಅಲ್ಲಿ ಈಗ ಚಪ್ಪಲಿ ಕಾಣದಿದ್ದರೂ ಅವನ ಹೆಸರೇ ಮೊದಲು ಬರುತ್ತದೆ.

ಅಂಗುಲಿಮಾಲನಿಗೆ ಬುದ್ಧರು ಒಂದು ಕೆಲಸ ಕೊಟ್ಟರು. ಹೆರಿಗೆ ನೋವಿನಲ್ಲಿ ನರಳುತ್ತಿದ್ದ ಹೆಂಗಸಿನ ಬಳಿ ಹೋಗಿ, ಹುಟ್ಟಿದಂದಿನಿಂದ ಬೇಕೆಂದು ಜೀವ ತೆಗೆದಿಲ್ಲವೆಂಬ ಸತ್ಯದಿಂದ ಆಕೆಗೆ ಕ್ಷೇಮ ಕೋರು ಎಂದರು. ನಾನು ಹಾಗೆಂದರೆ ಸುಳ್ಳಾಗುತ್ತದಲ್ಲ ಎಂದ ಅವನು. ಹಾಗಾದರೆ ಆರ್ಯ ಜನ್ಮ ಪಡೆದಂದಿನಿಂದ ಎಂದು ಹೇಳು ಎಂದರು. (ಇಲ್ಲಿ ಆರ್ಯವೆಂದರೆ ಧಮ್ಮದ ಹುಟ್ಟು, ಕುಲದ್ದಲ್ಲ.) ಹಿಂದಿನದನ್ನು ಮುಚ್ಚಿಡಲು ಹೇಳಲಿಲ್ಲ, ಅದೊಂದೇ ಅವನ ಗುರುತಾಗಲೂ ಬಿಡಲಿಲ್ಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಹೊಸ ಹುಟ್ಟಿನ ಮಾತಿದೆ. ಅದನ್ನು ನಮಗಷ್ಟೇ ಇಟ್ಟುಕೊಳ್ಳುವುದೆ?

ಆ ಹುಡುಗನ ತಾಯಿ ಕೇಳಿರುವುದು ಸಣ್ಣದು. ಭಾನುವಾರದ ವಂದನೆಗೆ ವಿಹಾರದಲ್ಲಿ ಚಾಪೆ ಹಾಸಲು ಅವನನ್ನು ಸೇರಿಸಿಕೊಳ್ಳಿ ಎಂದಿದ್ದಾರೆ. ಚಾಪೆ ಇರುವುದು ದಾನಪೆಟ್ಟಿಗೆ ಇಟ್ಟಿರುವ ಕೋಣೆಯಲ್ಲಿ. ಬೀಗದ ಕೈ ಕೊಡಬೇಕೋ ಬೇಡವೋ ಎಂದು ಅಲ್ಲಿಯವರು ಚರ್ಚಿಸುತ್ತಿದ್ದಾರೆ. ಕೊಡಿ ಎಂದಿದ್ದೇನೆ. ಅದಕ್ಕೆ ಮೊದಲು ಬೈಕಿನವರ ಮನೆಗೂ ಹೋಗಿ ಮಾತಾಡಿ ಬನ್ನಿ ಎಂದಿದ್ದೇನೆ.