ಬೀಟಲ್ ಎಂಜಿನ್ನೂ ಅವಯವಿಯ ವಾದವೂ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನನ್ನು ಮನೆಯ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿದರೆ ಕೈಗೆ ಬರುವುದು ಮೊದಲಿನ ಎಂಜಿನ್ನೇ, ಅಥವಾ ಬೇರೊಂದೇ? ಭಾರತೀಯ ದರ್ಶನಗಳು ನೂರಾರು ವರ್ಷ ಹೊಡೆದಾಡಿದ ವಾದ ಇದರೊಳಗೇ ಇದೆ. ಭಾಗಗಳಿಂದಾದ ವಸ್ತುವನ್ನು ಅವಯವಿ ಎನ್ನುತ್ತಾರೆ. ಅದು ತನ್ನ ಭಾಗಗಳಿಗಿಂತ ಬೇರೆಯಾಗಿ ನಿಜಕ್ಕೂ ಇದೆಯೆ? ಇದ್ದರೆ, ಭಾಗವೊಂದು ಹೋದಾಗ ಅದರ ಗತಿ ಏನು? ದಾರ್ಶನಿಕರು ಗಡಿಗೆ, ಬಟ್ಟೆ, ರಥಗಳನ್ನು ಮುಂದಿಟ್ಟುಕೊಂಡು ವಾದಿಸಿದರು. ಗಾಳಿಯಿಂದ ತಣಿಯುವ ಎಂಜಿನ್ ಈ ವಾದಕ್ಕೆ ಬಟ್ಟೆಗಿಂತ ಒಳ್ಳೆಯ ಸಾಮಗ್ರಿ. ಬಟ್ಟೆಯನ್ನು ಯಾರೂ ಎಳೆ ಎಳೆಯಾಗಿ ಬಿಚ್ಚಿ ಮತ್ತೆ ನೇಯುವುದಿಲ್ಲ. ಈ ಎಂಜಿನ್ನನ್ನು ಮಾಡಿರುವುದೇ ಬಿಚ್ಚಲು ಅನುಕೂಲವಾಗುವಂತೆ.

ಫರ್ಡಿನಾಂಡ್ ಪೋರ್ಷೆಯ ತಂಡ 1930ರ ದಶಕದಲ್ಲಿ ರೂಪಿಸಿದ ಈ ಕಾರು, 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯದು ಹೊರಬರುವ ಹೊತ್ತಿಗೆ 2 ಕೋಟಿ 15 ಲಕ್ಷ ದಾಟಿತ್ತು. ಎಂಜಿನ್ ಕಾರಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿಗೆ ನಾಲ್ಕೇ ಕಡೆ ಬಿಗಿದು ನಿಂತಿರುತ್ತದೆ. ಜಾಕ್ ಕೊಟ್ಟು ಆ ನಾಲ್ಕನ್ನು ಸಡಿಲಿಸಿದರೆ ಕೆಳಗಿಳಿಯುತ್ತದೆ. ರೇಡಿಯೇಟರ್ ಇಲ್ಲ, ನೀರಿನ ಪೈಪಿಲ್ಲ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಸಿಲಿಂಡರುಗಳೆಲ್ಲ ಒಂದೇ ಎರಕದ ಬ್ಲಾಕಿನಲ್ಲಿರುತ್ತವೆ. ‘ಎಂಜಿನ್ ಯಾವುದು’ ಎಂದು ಕೇಳಿದರೆ ಬ್ಲಾಕನ್ನು ತೋರಿಸಿಬಿಡಬಹುದು. ಬೀಟಲ್‌ನಲ್ಲಿ ಹಾಗೆ ತೋರಿಸಲು ಏನೂ ಸಿಗುವುದಿಲ್ಲ. ರೆಕ್ಕೆ ರೆಕ್ಕೆಯಾದ ಎರಕದ ಕಬ್ಬಿಣದ ನಾಲ್ಕು ಸಿಲಿಂಡರುಗಳು ಬೇರೆಬೇರೆ, ಅಲ್ಯೂಮಿನಿಯಂ ಹೆಡ್‌ಗಳು ಎರಡು, ಕ್ರ್ಯಾಂಕ್‌ಕೇಸ್ ಕೂಡ ಉದ್ದುದ್ದಕ್ಕೆ ಸೀಳಿದ ಎರಡು ಹೋಳು. ಎಂಜಿನ್ ಸಂಖ್ಯೆ ಕೆತ್ತಿರುವುದು ಆ ಕೇಸಿನ ಮೇಲೆ, ಡೈನಮೋ ಕೂರುವ ಪೀಠದ ಬುಡದಲ್ಲಿ. ಆ ಕೇಸಿನದೂ ಶಾಶ್ವತ ಬಾಳೇನಲ್ಲ. ಅದು ಮೆಗ್ನೀಸಿಯಂ ಮಿಶ್ರಲೋಹದ್ದು. ಬಿಸಿಗೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಬೇರಿಂಗ್ ಕೂರುವ ಜಾಗ ವರ್ಷಗಳ ಬಡಿತಕ್ಕೆ ದೊಡ್ಡದಾಗುತ್ತದೆ, ಸ್ಟಡ್‌ಗಳ ಥ್ರೆಡ್ ಕಿತ್ತುಬರುತ್ತದೆ.

ಬೌದ್ಧರ ಉತ್ತರ ಎಲ್ಲಕ್ಕಿಂತ ಚುರುಕು. ‘ಮಿಲಿಂದಪಞ್ಹ’ದಲ್ಲಿ ಯವನ ದೊರೆ ಮಿಲಿಂದ ರಥದಲ್ಲಿ ಬಂದೆನೆಂದಾಗ ಭಿಕ್ಷು ನಾಗಸೇನ ಅವನನ್ನು ಹಿಡಿದು ನಿಲ್ಲಿಸುತ್ತಾನೆ. ಅಚ್ಚು ರಥವೆ? ಗಾಲಿ ರಥವೆ? ನೊಗ ರಥವೆ? ಯಾವುದೂ ಅಲ್ಲ, ಎಲ್ಲ ಸೇರಿದ ರಾಶಿಯೂ ಅಲ್ಲ. ‘ರಥ’ ಎನ್ನುವುದು ಭಾಗಗಳನ್ನು ಆಧರಿಸಿ ನಡೆಯುವ ವ್ಯವಹಾರದ ಹೆಸರು ಅಷ್ಟೆ. ಈ ಲೆಕ್ಕದಲ್ಲಿ ರಿಪೇರಿಯಾದ ಎಂಜಿನ್ ಅದೇ ಹೌದೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದೇ ಆಗಿರಲು ಮೊದಲೂ ಅಲ್ಲಿ ‘ಅದು’ ಎಂಬುದು ಇರಲಿಲ್ಲ.

ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಿ ಇಲ್ಲವೆಂದರೆ ಕಣ್ಣಿಗೆ ಯಾವ ವಸ್ತುವೂ ಕಾಣಬಾರದು, ಏಕೆಂದರೆ ಬಿಡಿ ಪರಮಾಣುಗಳು ಕಾಣುವುದಿಲ್ಲ ಎಂಬುದು ಅವರ ಒಂದು ವಾದ. ಹಿಡಿಯುವುದು, ಎಳೆಯುವುದು ಎಂಬ ಇನ್ನೊಂದು ವಾದ ನ್ಯಾಯಸೂತ್ರದಲ್ಲಿದೆ: ಗಡಿಗೆಯ ಕಂಠ ಹಿಡಿದೆತ್ತಿದರೆ ಇಡೀ ಗಡಿಗೆ ಮೇಲೆ ಬರುತ್ತದೆ; ಬರೀ ರಾಶಿಯಾಗಿದ್ದರೆ ಹಿಡಿದ ಭಾಗವಷ್ಟೇ ಬರಬೇಕಿತ್ತು. ಇದರ ದೌರ್ಬಲ್ಯ ಕಂಡವನು ಸ್ವತಃ ಭಾಷ್ಯಕಾರ ವಾತ್ಸ್ಯಾಯನ. ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಯನ್ನೂ ಒಟ್ಟಿಗೆ ಎಳೆಯಬಹುದಲ್ಲ, ಅದೇನು ಹೊಸ ವಸ್ತುವೆ? ಎಂಜಿನ್ ಮುಂದಿಟ್ಟುಕೊಂಡರೆ ಸೂತ್ರದ ಪರವಾಗಿ ಒಂದು ಮಾತು ಹೇಳಬಹುದು. ಅರಗಿನ ಮುದ್ದೆ ಎಳೆದತ್ತ ಒಂದೇ ಸಮನೆ ಬರುತ್ತದೆ. ಎಂಜಿನ್ನಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿದರೆ ಒಂದೊಂದು ಭಾಗ ತನ್ನ ತನ್ನ ಅಳತೆಯಲ್ಲಿ ಚಲಿಸುತ್ತದೆ: ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು, ಸಿಲಿಂಡರುಗಳಿಗೆ ಕಿಡಿ 1, 4, 3, 2ರ ಸರದಿಯಲ್ಲಿ. ಈ ಹಂಚಿಕೆ ಯಾವ ಬಿಡಿಭಾಗದಲ್ಲೂ ಇಲ್ಲ. ಜೋಡಣೆಯಲ್ಲಿ ಮಾತ್ರ ಇದೆ.

ಆದರೆ ಅವಯವಿಯನ್ನು ಒಪ್ಪಿದವರು ಅದಕ್ಕೆ ದುಬಾರಿ ಬೆಲೆ ತೆರಬೇಕಾಯಿತು. ನ್ಯಾಯ-ವೈಶೇಷಿಕದ ಪ್ರಕಾರ ಎಳೆಗಳು ಬಟ್ಟೆಗೆ ಸಮವಾಯಿ ಕಾರಣ, ಎಳೆಗಳ ಸಂಯೋಗ ಅಸಮವಾಯಿ ಕಾರಣ, ನೇಕಾರ ನಿಮಿತ್ತ ಕಾರಣ. ಸಂಯೋಗ ಕಡಿದರೆ ವಸ್ತು ನಾಶ. ಒಂದು ಎಳೆ ಹೋದ ಬಟ್ಟೆಯೂ ಹಳೆಯದಲ್ಲ. ಹಳೆಯದು ನಾಶವಾಗಿ, ಉಳಿದ ಎಳೆಗಳಿಂದ ‘ಖಂಡಪಟ’ವೆಂಬ ಹೊಸ ಬಟ್ಟೆ ಹುಟ್ಟಿದೆ. ಶೆಡ್ಡಿಗೆ ಅನ್ವಯಿಸಿದರೆ ಇದು ಬಹಳ ಕಠಿಣ. ಹಳೆಯ ಪೇಪರಿನ ಮೇಲೆ ಹರಡಿಟ್ಟ ಭಾಗಗಳಲ್ಲಿ ಎಂಜಿನ್ ಎಂಬುದೇ ಇಲ್ಲ. ಒಂದು ವಾಷರನ್ನೂ ಬದಲಿಸದೆ ಎಲ್ಲವನ್ನೂ ಹಾಗೇ ಜೋಡಿಸಿದರೂ ಆಗುವುದು ಹೊಸ ಎಂಜಿನ್. ಹಾಗಿದ್ದರೆ ‘ಇದು ಅದೇ’ ಎಂಬ ಪ್ರತ್ಯಭಿಜ್ಞೆ ಯಾಕೆ ಆಗುತ್ತದೆ? ಸಾದೃಶ್ಯದಿಂದ ಆಗುವ ಭ್ರಮೆ, ಕತ್ತರಿಸಿ ಮತ್ತೆ ಬೆಳೆದ ಕೂದಲು ಉಗುರನ್ನು ಅದೇ ಎನ್ನುವ ಹಾಗೆ ಎಂದು ಬೌದ್ಧರು ಹೇಳುತ್ತಾರೆ. ಬಿಚ್ಚಿ ಜೋಡಿಸಿದ ವಸ್ತುವಿನ ಮಟ್ಟಿಗೆ ನೈಯಾಯಿಕನಿಗೂ ಬೇರೆ ಉತ್ತರ ಉಳಿಯುವುದಿಲ್ಲ.

ಕೆಲಸ ಬಲ್ಲವರು ಭಾಗಗಳನ್ನು ಹರಡಿಡುವ ರೀತಿ ನೋಡಿದರೆ ಈ ನಿರ್ಣಯ ಅವಸರದ್ದೆನಿಸುತ್ತದೆ. ಕನೆಕ್ಟಿಂಗ್ ರಾಡಿನ ಮೇಲೂ ಅದರ ಕ್ಯಾಪಿನ ಮೇಲೂ ಒಂದೇ ಸಂಖ್ಯೆ ಇರುತ್ತದೆ, ಎರಡೂ ಒಂದೇ ಬದಿಗೆ ಬರಬೇಕು. ಒಂದರ ಕ್ಯಾಪನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಪಿಸ್ಟನ್ ತಲೆಯ ಮೇಲಿನ ಬಾಣ ಫ್ಲೈವೀಲ್ ಕಡೆಗೇ ತಿರುಗಿರಬೇಕು. ಹಳೆಯ ಕ್ಯಾಮನ್ನೇ ಉಳಿಸಿಕೊಳ್ಳುವುದಾದರೆ ಎಂಟು ಲಿಫ್ಟರುಗಳೂ ತಂತಮ್ಮ ರಂಧ್ರಕ್ಕೇ ಮರಳಬೇಕು, ಏಕೆಂದರೆ ಪ್ರತಿಯೊಂದೂ ಕ್ಯಾಮಿನಲ್ಲಿ ತನಗೆ ತಾಗುವ ಉಬ್ಬಿನ ಜೊತೆ ಸವೆದು ಹೊಂದಿಕೊಂಡಿದೆ. ಅದಕ್ಕೇ ಮೊಟ್ಟೆಯ ಟ್ರೇಯಲ್ಲೋ ರಟ್ಟಿನ ತೂತುಗಳಲ್ಲೋ ಸಂಖ್ಯೆ ಬರೆದು ಸಾಲಾಗಿ ಇಡುತ್ತಾರೆ. ಸಂಯೋಗ ಕಡಿದರೂ ಅದರ ಗುರುತು ಲೋಹದ ಮೈಮೇಲೆ ಉಳಿದಿರುತ್ತದೆ. ಮೂರನೆಯ ಸಿಲಿಂಡರ್ ಇನ್ನೂ ಒಳ್ಳೆಯ ಸಾಕ್ಷಿ: ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಅದಕ್ಕೆ ಬರುವ ಗಾಳಿಗೆ ಅಡ್ಡ ನಿಂತಿರುವುದರಿಂದ ಅದು ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ. 1971ರ ಮಾದರಿಯಿಂದ ಕೂಲರಿನ ಜಾಗ ಬದಲಿಸಿದರು. ಹಳೆಯ ಹೆಡ್ಡಿನಲ್ಲಿ ಮೂರನೆಯದರ ಎಗ್ಸಾಸ್ಟ್ ವಾಲ್ವಿನ ಬಣ್ಣ, ಸವೆತ ನೋಡಿಯೇ ಅದು ಎಲ್ಲಿ ಕೂತಿತ್ತೆಂದು ಹೇಳಬಹುದು. ರಾಶಿಯಲ್ಲಿನ ಕಲ್ಲಿಗೆ ಇಂಥ ಗುರುತಿರುವುದಿಲ್ಲ.

ಜೋಡಣೆಯಲ್ಲೂ ಇದೇ ಕಥೆ. ಕೇಸಿನ ಎರಡು ಹೋಳು ಸೇರಿಸುವಾಗ ಬೇರಿಂಗುಗಳ ತೂತು ಪುಟ್ಟ ಪಿನ್ನುಗಳ ಮೇಲೆ ಸರಿಯಾಗಿ ಕೂರಬೇಕು. ತಪ್ಪಿದರೆ ನಟ್ಟು ಬಿಗಿದಾಗ ಬೇರಿಂಗೂ ಕೇಸೂ ಹಾಳು. ಪೆನ್ಸಿಲ್ ಗೆರೆ ಎಳೆದುಕೊಂಡು ಕೂರಿಸುವುದು ರೂಢಿ. ಆರು ದೊಡ್ಡ ನಟ್ಟುಗಳನ್ನು ಸುಮಾರು 34 ನ್ಯೂಟನ್-ಮೀಟರಿಗೆ ಬಿಗಿಯುತ್ತಾ ನಡುನಡುವೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ, ಹಿಡಿದರೆ ಮತ್ತೆ ಬಿಚ್ಚುತ್ತಾರೆ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯಲು 0.07ರಿಂದ 0.13 ಮಿಲಿಮೀಟರ್ ಮಾತ್ರ ಅವಕಾಶ. ಅದನ್ನು ಫ್ಲೈವೀಲ್ ಹಿಂದಿನ ಮೂರು ಶಿಮ್‌ಗಳ ದಪ್ಪ ಹೊಂದಿಸಿ ತರಬೇಕು. ಹೊಸ ಭಾಗ ಯಾವುದಾದರೂ ಸರಿ, ಬಂದು ಕೂರುವ ಜಾಗ ಮೊದಲೇ ಗೊತ್ತಾಗಿದೆ.

ಜೈನರ ನಿಲುವು ಈ ಗುರುತುಗಳಿಗೆ ಜಾಗ ಕೊಡುತ್ತದೆ. ಇರುವುದೆಲ್ಲ ಹುಟ್ಟು, ಅಳಿವು, ಸ್ಥಿರತೆ ಮೂರನ್ನೂ ಒಟ್ಟಿಗೆ ಹೊತ್ತಿರುತ್ತದೆ. ದ್ರವ್ಯ ಉಳಿಯುತ್ತದೆ, ಪರ್ಯಾಯ, ಎಂದರೆ ಅದರ ಅವಸ್ಥೆ, ಬದಲಾಗುತ್ತದೆ. ಇದಕ್ಕೆ ದಿಗಂಬರ ಆಚಾರ್ಯ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧ: ಚಿನ್ನದ ಕಲಶ ಒಡೆದು ಕಿರೀಟ ಮಾಡಿದಾಗ ಕಲಶ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ. ಎಂಜಿನ್ನಿನಲ್ಲಿ ತೊಡಕೆಂದರೆ, ಕರಗಿಸಿದ ಚಿನ್ನದಂತೆ ಉಳಿದು ಬರುವ ಒಂದೇ ದ್ರವ್ಯ ಇಲ್ಲಿಲ್ಲ. ಉಳಿಯುವುದು ಸ್ಥಾನಗಳ ವ್ಯವಸ್ಥೆ. ಅದನ್ನು ದ್ರವ್ಯವೆನ್ನಲು ಜೈನ ತಾರ್ಕಿಕನೂ ಹಿಂಜರಿದಾನು.

ಕಾನೂನು ಇಷ್ಟು ಸೂಕ್ಷ್ಮಕ್ಕೆ ಇಳಿಯುವುದಿಲ್ಲ. ಭಾರತದಲ್ಲಿ ಆರ್.ಸಿ.ಯ ಮೇಲೆ ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಇರುತ್ತವೆ. ಆರ್‌ಟಿಒಗೆ ಎಂಜಿನ್ ಎಂದರೆ ಆ ಸಂಖ್ಯೆ ಹೊತ್ತ ಕೇಸು. ಒಳಗಿನದೆಲ್ಲ ಹೊಸದಾದರೂ ಕಾಗದದಲ್ಲಿ ಅದೇ ಎಂಜಿನ್. ಕೇಸೊಂದೇ ಬದಲಾದರೆ ಬೇರೆ. ಐವತ್ತು ವರ್ಷ ದಾಟಿದ ವಿಂಟೇಜ್ ವಾಹನಗಳ ನೋಂದಣಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಹನ ಮೂಲ ರೂಪದಲ್ಲಿರಬೇಕು, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎನ್ನುತ್ತದೆ. ಐವತ್ತು ವರ್ಷ ಓಡಿಯೂ ಬಿಚ್ಚಿಸಿಕೊಳ್ಳದ ಬೀಟಲ್ ಎಂಜಿನ್ ಸಿಗುವುದು ಅಪರೂಪ. ‘ಮೂಲ ರೂಪ’ ಎಂದರೆ ಮೂಲ ಲೋಹವಲ್ಲ, ಮೂಲ ಜೋಡಣೆ ಎಂದೇ ಓದಿಕೊಳ್ಳಬೇಕು.

ಪಾಶ್ಚಾತ್ಯರಲ್ಲಿ ಪ್ಲುಟಾರ್ಕ್ ಹೇಳಿದ ಥೀಸಿಯಸ್‌ನ ಹಡಗಿನ ಪ್ರಸಂಗ ಇದೇ ಜಾತಿಯದು. ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಹಡಗು ಅದೇ ಹೌದೆ? ಥಾಮಸ್ ಹಾಬ್ಸ್ 1655ರಲ್ಲಿ ಇದಕ್ಕೊಂದು ಕೊಂಡಿ ಸೇರಿಸಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ಫೋಕ್ಸ್‌ವ್ಯಾಗನ್ ಇಂಥದ್ದನ್ನು ಕಾರ್ಖಾನೆಯಲ್ಲೇ ನಡೆಸಿತು. ಕಾಸೆಲ್ ಬಳಿಯ ಅದರ ಕಾರ್ಖಾನೆ 1958ರಲ್ಲಿ ಶುರುವಾದದ್ದೇ ಹಳೆಯ ಎಂಜಿನ್ನುಗಳನ್ನು ಹೊಸದು ಮಾಡಿಕೊಡಲು. ಗಿರಾಕಿ ತನ್ನ ಸವೆದ ಎಂಜಿನ್ ಕೊಟ್ಟು, ಸಿದ್ಧವಾಗಿದ್ದ ಇನ್ನೊಂದನ್ನು ಪಡೆಯುತ್ತಿದ್ದ. ಯಾರ ಕೇಸು, ಯಾರ ಕ್ರ್ಯಾಂಕು ಎಂಬ ಲೆಕ್ಕ ಅಲ್ಲಿ ಬೇಕಿಲ್ಲ, ಏಕೆಂದರೆ ಪ್ರತಿ ಭಾಗವನ್ನೂ ನಿಗದಿತ ಅಳತೆಗೆ ತಂದು ಒಟ್ಟಿಗೆ ಸವೆದ ಗುರುತನ್ನು ಅಳಿಸಿಯೇ ಜೋಡಿಸುವುದು. ಅಂಥ ಎಂಜಿನ್ನಿನ ಮಟ್ಟಿಗೆ ನಾಗಸೇನನೇ ಸರಿ. ಮನೆಯಲ್ಲಿ ಬಿಚ್ಚಿದ ಎಂಜಿನ್ನಿನ ಬಗ್ಗೆ ಹಾಗೆನ್ನಲಾಗದು. ಅಲ್ಲಿ ಉಳಿಸಿಕೊಂಡ ಪ್ರತಿ ಭಾಗವೂ ತನ್ನ ಹಳೆಯ ಜೋಡಿಯನ್ನೇ ಹುಡುಕಿ ಮರಳುತ್ತದೆ.

ಹೊಸ ಅವಯವಿ ಹುಟ್ಟುವ ಗಳಿಗೆ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ವೈಶೇಷಿಕನಿಗೆ ಅದು ಕೊನೆಯ ಸಂಯೋಗವಾದ ಕ್ಷಣ, ಎಂದರೆ ಕೊನೆಯ ನಟ್ಟು ಬಿಗಿದಾಗ. ಎಂಜಿನ್ ಇದಕ್ಕೆ ಒಗ್ಗುವುದಿಲ್ಲ. ಹೊಸ ಕ್ಯಾಮ್ ಹಾಕಿದ್ದರೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡಲ್‌ನಲ್ಲಿ ಬಿಡದೆ ಸುಮಾರು 2,000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಿ ಅದರ ಉಬ್ಬುಗಳನ್ನು ಲಿಫ್ಟರುಗಳಿಗೆ ಹೊಂದಿಸುತ್ತಾರೆ. ರಿಂಗುಗಳು ಸಿಲಿಂಡರ್ ಗೋಡೆಗೆ ಕೂರಲು ಇನ್ನೂ ನೂರಾರು ಕಿಲೋಮೀಟರ್ ಬೇಕು. ಹೆಡ್ಡುಗಳು ಬಿಸಿಗೆ ಕೂತಂತೆ ವಾಲ್ವಿನ ಅಂತರ ಬದಲಾಗುತ್ತದೆ. ತಣ್ಣಗಿರುವಾಗ ಫೀಲರ್ ಗೇಜ್ ಹಾಕಿ ಅದನ್ನು ಮತ್ತೆ 0.15 ಮಿಲಿಮೀಟರಿಗೆ ತರಬೇಕು. ಈ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇಲ್ಲ, ಜಾಲರಿಯೊಂದೇ. ಸುಮಾರು 500 ಕಿಲೋಮೀಟರ್ ಆದ ಮೇಲೆ ಎರಡೂವರೆ ಲೀಟರ್ ಆಯಿಲ್ ಇಳಿಸಿ ಆ ಜಾಲರಿ ತೆಗೆದು ನೋಡಿದರೆ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಬಿಟ್ಟ ಲೋಹದ ಪುಡಿ ಕಾಣುತ್ತದೆ. ಅಂಥ ಎರಡು ಮೂರು ಆಯಿಲ್ ಬದಲಾವಣೆಗಳಲ್ಲಿ ಪುಡಿ ಕಡಿಮೆಯಾಗುತ್ತಾ ಬರುತ್ತದೆ.