ಶಲ್ಯಸಾರಥ್ಯ

ಒಂದು ಕಾರ್ಯಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬನ ನಾಲಗೆ ಒರಟಾಗಿದ್ದರೆ, ಉಳಿದವರು ಅವನ ಸಹಾಯವನ್ನು ‘ಶಲ್ಯಸಾರಥ್ಯ’ವೆಂದು ಹಳಿದು ಸಮಾಧಾನಪಡುವುದುಂಟು. ಶಲ್ಯವೆಂಬ ಶಬ್ದಕ್ಕೆ ಮುಳ್ಳೆಂಬ ಅರ್ಥವೂ ಇರುವುದರಿಂದ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಹೀಗೆ ಹೆಸರಿಟ್ಟ ಮಾತ್ರಕ್ಕೆ ಅವನ ಮಾತನ್ನು ಕೇಳುವ ಹೊಣೆ ನಮಗೆ ತಪ್ಪಿತೆ? ಇದನ್ನು ತಿಳಿಯಲು ಕರ್ಣಪರ್ವವನ್ನೇ ಮತ್ತೊಮ್ಮೆ ನೋಡುವುದು ಲೇಸು.

ಶಲ್ಯನೇ ಸಾರಥಿಯಾಗಬೇಕೆಂದು ಬೇಡಿದವನು ಕರ್ಣನು. ಅಶ್ವವಿದ್ಯೆಯಲ್ಲಿ ಕೃಷ್ಣನಿಗೆ ಸಮನಾದವನು ತನಗೆ ದೊರೆತರೆ ಅರ್ಜುನನನ್ನು ಗೆಲ್ಲಬಹುದೆಂದು ಅವನ ಎಣಿಕೆ. ಶಲ್ಯನಾದರೋ ಮದ್ರದೇಶದ ದೊರೆ, ನಕುಲಸಹದೇವರ ಸೋದರಮಾವ. ಕೌರವನ ಆತಿಥ್ಯಕ್ಕೆ ಅರಿಯದೆ ಸಿಕ್ಕಿ ಆ ಪಕ್ಷಕ್ಕೆ ಬಂದವನು. ಕರ್ಣನ ತೇಜಸ್ಸನ್ನು ಕುಗ್ಗಿಸುವೆನೆಂದು ಧರ್ಮರಾಯನಿಗೆ ಮಾತನ್ನೂ ಕೊಟ್ಟಿದ್ದನು. ಸೂತಪುತ್ರನ ಕುದುರೆಗಳನ್ನು ಹೊಡೆಯಬೇಕೆಂದಾಗ ಕೆರಳಿ ಎದ್ದನು. ಕಡೆಗೆ, ಮನಸ್ಸಿಗೆ ತೋರಿದುದನ್ನು ಆಡುವೆನೆಂಬ ಷರತ್ತಿನ ಮೇಲೆ ಒಪ್ಪಿದನು. ಆ ಷರತ್ತಿಗೆ ಕರ್ಣನೂ ತಲೆಯಾಡಿಸಿದ್ದನೆಂಬುದನ್ನು ನಾವು ಮರೆಯುತ್ತೇವೆ. ಜಾಣ್ಮೆ ಬೇಕು, ಅದರೊಡನೆ ಬರುವ ನಾಲಗೆ ಬೇಡ ಎಂದರೆ ಹೇಗೆ? (ಇಂಥ ಇಬ್ಬರನ್ನು ಒಂದೇ ರಥಕ್ಕೆ ಹತ್ತಿಸಿ ತನ್ನ ಕೆಲಸ ಮುಗಿಯಿತೆಂದುಕೊಂಡ ದುರ್ಯೋಧನನನ್ನು ಯಾರೂ ದೂರುವುದಿಲ್ಲ.)

ದಾರಿಯುದ್ದಕ್ಕೂ ಜಗಳವೇ. ಶಲ್ಯನು ಎಂಜಲುಂಡು ಕೊಬ್ಬಿದ ಕಾಗೆ ಹಂಸಗಳೊಡನೆ ಪಂತ ಕಟ್ಟಿ ಕಡಲಿಗೆ ಬಿದ್ದ ಕಥೆಯನ್ನು ಹೇಳಿದನು. ಕರ್ಣನು ಮದ್ರದವರ ಊಟ, ನಡತೆ, ಹೆಂಗಸರು ಎಲ್ಲವನ್ನೂ ಜರೆದನು. ಪಂಪನು ಹತ್ತನೆಯ ಶತಮಾನದಲ್ಲಿ ತನ್ನ ಭಾರತವನ್ನು ಬರೆದಂದಿನಿಂದ ಕನ್ನಡಿಗರಿಗೆ ಕರ್ಣನ ಮೇಲೆ ಒಲವು ಹೆಚ್ಚು. ಆದುದರಿಂದ ಆ ಪುಟಗಳನ್ನು ಬೇಗನೆ ಮಗುಚುತ್ತೇವೆ.

ಕಾಗೆಯ ಕಥೆಗೆ ಕರ್ಣನು ಕಿವಿಗೊಡದಿದ್ದುದು ತಪ್ಪೆಂದು ನಾನು ಹೇಳಲಾರೆ. ಅದು ಅವನನ್ನು ಕುರಿತ ಮಾತು. ಅಂಥದಕ್ಕೆಲ್ಲ ಎದೆಗೊಡುತ್ತ ಹೋದವನ ಕೈ ಬಿಲ್ಲೆತ್ತದು. ಆದರೆ ಸರ್ಪಾಸ್ತ್ರವನ್ನು ಹೂಡಿದ ಗಳಿಗೆಯಲ್ಲಿ ಶಲ್ಯನು ಬೇರೆ ಬಗೆಯ ಮಾತನ್ನಾಡಿದನು: ಈ ಬಾಣ ಕೊರಳನ್ನು ಮುಟ್ಟದು, ಚೆನ್ನಾಗಿ ನೋಡಿ ಹೂಡು ಎಂದನು. ಇದು ಕರ್ಣನನ್ನು ಕುರಿತದ್ದಲ್ಲ, ಗುರಿಯನ್ನು ಕುರಿತದ್ದು. ಆಡಿದವನ ಹೃದಯ ಹೇಗಾದರೂ ಇರಲಿ, ಮಾತನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದಾಗಿತ್ತು. ಕರ್ಣನು ಎರಡು ಸಲ ಹೂಡುವವನಲ್ಲವೆಂದು ಉತ್ತರ ಬಂತು. ಕೃಷ್ಣನು ರಥವನ್ನು ನೆಲಕ್ಕೆ ಅದುಮಿದನು. ಬಾಣ ಕಿರೀಟವನ್ನು ಮಾತ್ರ ಕೊಂಡೊಯ್ದಿತು. ನಮ್ಮ ತಾಳಮದ್ದಳೆಯ ಶಲ್ಯನು ಆಗ ಮುನಿದು ರಥವಿಳಿದು ಹೋಗುತ್ತಾನೆ. ವ್ಯಾಸರ ಶಲ್ಯನು ಕೊನೆಯವರೆಗಿದ್ದು ಬರಿದಾದ ರಥವನ್ನು ಹಿಂದಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಅದೇ ಮಾತನ್ನು ಪ್ರಿಯನಾದ ಸಾರಥಿಯೊಬ್ಬನು ಹೇಳಿದ್ದರೆ ಕರ್ಣನು ಇನ್ನೊಮ್ಮೆ ಗುರಿ ನೋಡುತ್ತಿರಲಿಲ್ಲವೆ?

ನಮ್ಮ ಬಾಳಿನಲ್ಲಿ ಈ ಎರಡು ಬಗೆಯ ಮಾತುಗಳು ಬೇರೆಬೇರೆಯಾಗಿ ಬರುವುದಿಲ್ಲ, ಇದೇ ಕಷ್ಟ. ನಾನು ಉಪಾಧ್ಯಾಯನಾಗಿದ್ದಾಗ ಒಬ್ಬ ಸಹೋದ್ಯೋಗಿಗಳಿದ್ದರು. ಅವರು ಬಾಯಿ ತೆರೆದರೆ ಯಾರಿಗಾದರೂ ಗಾಯವೇ. ಒಂದು ದಿನ ಎಲ್ಲರೆದುರಿಗೆ, “ಸ್ವಾಮಿ, ತಮ್ಮ ಪಾಠದ ವೈಭವ ಹಾಗಿರಲಿ, ಹಿಂದಿನ ಸಾಲಿನ ಆ ಹುಡುಗನಿಗೆ ಹಲಗೆಯಾದರೂ ಕಾಣುತ್ತಿದೆಯೇ ವಿಚಾರಿಸಿದ್ದೀರೊ?” ಎಂದರು. ನಗು ಎದ್ದಿತು. ನನಗೆ ಕೇಳಿಸಿದ್ದು ಪೂರ್ವಾರ್ಧ ಮಾತ್ರ. ಅದಕ್ಕೆ ತಕ್ಕ ಉತ್ತರವನ್ನು ಎರಡು ದಿನ ಯೋಚಿಸಿ, ಮೂರನೆಯ ದಿನ ಕೊಟ್ಟು, ಗೆದ್ದೆನೆಂದು ಹಿಗ್ಗಿದೆ. ಹುಡುಗನನ್ನು ಕರೆದು ಕೇಳಲಿಲ್ಲ.

ಆ ವರ್ಷ ಅವನು ಪರೀಕ್ಷೆಯಲ್ಲಿ ತಪ್ಪಿದನು. ದಡ್ಡನೆಂದು ಮನೆಯಲ್ಲಿ ಪೆಟ್ಟು ತಿಂದನಂತೆ. ಬೇಸಗೆಯಲ್ಲಿ ಯಾರೋ ನೆಂಟರು ವೈದ್ಯರಿಗೆ ತೋರಿಸಿದಾಗ ದೂರದೃಷ್ಟಿಯ ದೋಷ ಹೊರಬಿದ್ದಿತು. ಮರುವರ್ಷ ಕನ್ನಡಕ ಧರಿಸಿ, ತನಗಿಂತ ಚಿಕ್ಕವರ ನಡುವೆ, ಅದೇ ತರಗತಿಯಲ್ಲಿ ಕುಳಿತನು. ಅವನನ್ನು ಕಂಡೊಡನೆ ನಾನು ಆ ಸಹೋದ್ಯೋಗಿಗಳ ಕುಹಕವನ್ನು ನಿರೀಕ್ಷಿಸಿದೆ. ಅವರು ಆ ವಿಷಯವನ್ನು ಎತ್ತಲೇ ಇಲ್ಲ.