ಗಾಯತೊಂಡೆಯವರ ಚಿತ್ರಕಲೆ ಮತ್ತು ಕರ್ತೃತ್ವದ ಪ್ರಶ್ನೆ

'ಮಾಡುವವನು ನಾನು' ಎಂಬ ಭಾವವನ್ನು, ಅಂದರೆ ಕರ್ತೃತ್ವವನ್ನು, ಪೂರ್ತಿಯಾಗಿ ಕಳಚಿಟ್ಟ ಮೇಲೂ ಕಲಾವಿದನು ಕೃತಿಯೊಂದನ್ನು ಮುಗಿಸಬಲ್ಲನೇ ಎಂಬ ಪ್ರಶ್ನೆಯನ್ನು ವಾಸುದೇವ ಗಾಯತೊಂಡೆಯವರ (1924–2001) ಚಿತ್ರಗಳಷ್ಟು ತೀವ್ರವಾಗಿ ಎತ್ತಿದ ಕೃತಿಗಳು ಆಧುನಿಕ ಭಾರತೀಯ ಕಲೆಯಲ್ಲಿ ವಿರಳ. ನಾಗಪುರದಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ 1948ರಲ್ಲಿ ಡಿಪ್ಲೊಮಾ ಪಡೆದ ಅವರು, ಭಾರತೀಯ ಮಿನಿಯೇಚರ್ ಚಿತ್ರಗಳ ಬಣ್ಣದಿಂದಲೂ ಚಿತ್ರಕಾರ ಪಾಲ್ ಕ್ಲೀಯ ರೇಖೆಯಿಂದಲೂ ಕಲಿತು, ಮುಂದೆ ಆಕೃತಿಯನ್ನೇ ತೊರೆದರು. ಲೋಕದ ಯಾವ ವಸ್ತುವನ್ನೂ ಆಧಾರವಾಗಿ ಹಿಡಿಯದ ತಮ್ಮ ಕಲೆಯನ್ನು ಅವರು ಅಮೂರ್ತವೆನ್ನದೆ ವಸ್ತುನಿರಪೇಕ್ಷವೆಂದು ಕರೆದರು.

ಝೆನ್ ಬೌದ್ಧಚಿಂತನೆಯೂ ನಿಸರ್ಗದತ್ತ ಮಹಾರಾಜರ ಅದ್ವೈತಬೋಧೆಯೂ ಅವರಿಗೆ ಪ್ರಿಯವಾಗಿದ್ದವು. 1964ರಲ್ಲಿ ರಾಕ್‌ಫೆಲರ್ ಫೆಲೊಶಿಪ್ ಪಡೆದು ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಹೊಸ ಅಮೂರ್ತಕಲೆಯನ್ನು ಹತ್ತಿರದಿಂದ ಕಂಡರು. ಆದರೆ ಈ ಪ್ರಭಾವಗಳನ್ನು ಚಿತ್ರದ ವಿಷಯದಲ್ಲಿ ಹುಡುಕುವುದಕ್ಕಿಂತ ಕೆಲಸದ ಕ್ರಮದಲ್ಲಿ ಹುಡುಕುವುದೇ ಸರಿಯಾದ ದಾರಿ. ಅವರು ಕುಂಚವನ್ನು ಬದಿಗಿರಿಸಿ, ರೋಲರ್‌ನಿಂದ ಬಣ್ಣದ ತೆಳುಪದರಗಳನ್ನು ಒಂದರ ಮೇಲೊಂದು ಹರಡಿ, ಪ್ಯಾಲೆಟ್ ನೈಫ್ ಎಂಬ ಚಪ್ಪಟೆ ಅಲಗಿನಿಂದ ಕೆರೆದು, ಹರಿದ ಕಾಗದದ ತುಣುಕುಗಳನ್ನು ಬಣ್ಣದ ಮೇಲಿಟ್ಟು ಎತ್ತಿ ಗುರುತುಗಳನ್ನು ಮೂಡಿಸುತ್ತಿದ್ದರು. ಹೀಗೆ ಬಣ್ಣದ ಹರಿವಿಗೂ ಆಕಸ್ಮಿಕಕ್ಕೂ ಎಡೆಗೊಟ್ಟ ಅವರು ಕೈಚಳಕದ ಹೆಮ್ಮೆಯನ್ನು ಬೇಕೆಂದೇ ಬಿಟ್ಟುಕೊಟ್ಟಿದ್ದರು. ಕೈಗಿಂತ ಕಾಯುವಿಕೆಗೇ ಹೆಚ್ಚು ಕಾಲ ಸಲ್ಲುತ್ತಿದ್ದುದರಿಂದ ವರ್ಷಕ್ಕೆ ಐದಾರು ಕ್ಯಾನ್ವಾಸುಗಳಷ್ಟೇ ಪೂರ್ಣವಾಗುತ್ತಿದ್ದವು.

ಇಷ್ಟರಿಂದ ಅವರನ್ನು ವೇದಾಂತದ 'ಸಾಕ್ಷಿ' ಎಂದು, ಅಂದರೆ ನಡೆಯುವುದನ್ನು ನೋಡುತ್ತ ಯಾವುದಕ್ಕೂ ಅಂಟದ ಅರಿವಿಗೆ ಸಮನೆಂದು ಹೊಗಳಿದರೆ, ಆ ಮಾತು ಅವರ ಸಾಧನೆಯನ್ನು ಕಿರಿದುಗೊಳಿಸುತ್ತದೆ. ಸಾಕ್ಷಿಗೆ ಆಯ್ಕೆಯಿಲ್ಲ; ಚಿತ್ರಕಾರನಾದರೋ ಯಾವ ಗುರುತು ಉಳಿಯಬೇಕು, ಯಾವುದು ಅಳಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಾನೇ ನಿರ್ಧರಿಸುತ್ತಾನೆ, ಮತ್ತು ಆ ನಿರ್ಧಾರ ತಪ್ಪಿದರೆ ಇಡೀ ಕ್ಯಾನ್ವಾಸು ಕೆಟ್ಟುಹೋಗುತ್ತದೆ. ಗಾಯತೊಂಡೆಯವರಲ್ಲಿ ಕರ್ತೃತ್ವ ಅಳಿಯಲಿಲ್ಲ. ತೋರಿಸಿಕೊಳ್ಳುವ ಎಡೆಗಳಿಂದೆಲ್ಲ ಹಿಂದೆ ಸರಿದು, ತಡೆದು ನಿಲ್ಲುವ ವಿವೇಕದಲ್ಲಿ ನೆಲೆಗೊಂಡಿತು. ಮೌನವನ್ನು ಚಿತ್ರಿಸುವುದಕ್ಕಿಂತ ಇದು ಹೆಚ್ಚು ಕಠಿಣವಾದ ಸಾಧನೆ.

1984ರಲ್ಲಿ ಅಪಘಾತವೊಂದಕ್ಕೆ ಸಿಲುಕಿ ದೊಡ್ಡ ಕ್ಯಾನ್ವಾಸುಗಳನ್ನು ಕೆಲವು ವರ್ಷ ಕೈಬಿಡಬೇಕಾಗಿ ಬಂದಾಗ ಅವರು ಕಾಗದದ ಮೇಲೆ ಶಾಯಿಯಲ್ಲಿ ರಚಿಸಿದ ಚಿಕ್ಕ ಚಿತ್ರಗಳು ಈ ವಿವೇಚನೆಗೆ ಮುಖ್ಯವಾದವು, ಏಕೆಂದರೆ ಪದರಗಳಾಗಲಿ ಕೆರೆತವಾಗಲಿ ಇಲ್ಲದ ಆ ಹಾಳೆಗಳಲ್ಲಿ ಕೆಲವೇ ಗೀಟುಗಳನ್ನೆಳೆದು ಉಳಿದುದನ್ನು ಬಿಳಿಗೇ ಬಿಟ್ಟಿರುವುದರಿಂದ, ಸಂಯಮವು ರೋಲರಿನ ತಂತ್ರಕ್ಕೆ ಸೇರಿದ್ದಾಗಿರದೆ ಅವರ ನೋಟಕ್ಕೇ ಸೇರಿದ್ದೆಂಬುದು ಅಲ್ಲಿ ನೇರವಾಗಿ ಕಾಣಸಿಗುತ್ತದೆ.